ಅಸೆಂಬಲ್ಡ್ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಮಿಂಟ್: ಮೊದಲು ವಿಂಡೋಸ್ ಡಿಸ್ಕ್ ಬಿಚ್ಚಿಡಿ

[ಮೇಜಿನ ಮೇಲೆ ಸೈಡ್ ಪ್ಯಾನೆಲ್ ತೆಗೆದ ಕ್ಯಾಬಿನೆಟ್, ಪಕ್ಕದಲ್ಲಿ ಹೊಸ ಎಸ್ಎಸ್‌ಡಿ, ಪೆನ್‌ಡ್ರೈವ್, ಸ್ಕ್ರೂಡ್ರೈವರ್]

ನಮಸ್ಕಾರ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡು ತಂದು ಮನೆಯಲ್ಲೇ ಜೋಡಿಸಿದ ಡೆಸ್ಕ್‌ಟಾಪ್ ನಿಮ್ಮಲ್ಲೂ ಒಂದು ಇರಬಹುದು. ಇಂಟೆಲ್ ನಾಲ್ಕನೇ ಅಥವಾ ಆರನೇ ಜನರೇಷನ್ ಪ್ರೊಸೆಸರ್, 8 ಜಿಬಿ ರ‍್ಯಾಮ್, ವಿಂಡೋಸ್ 10. ಯಾವ ತೊಂದರೆಯೂ ಇಲ್ಲದೆ ಓಡುತ್ತಿದೆ. ಆದರೆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಷನ್‌ನಿಂದ ಈಚೆಗಿನದೇ ಆಗಬೇಕು. ಅಂದರೆ ಚೆನ್ನಾಗಿರುವ ಮಷೀನನ್ನು ಮೂಲೆಗೆ ತಳ್ಳಿ ಹೊಸದು ಕೊಳ್ಳಬೇಕು. ನನಗೆ ಇದು ಸ್ವಲ್ಪವೂ ಒಪ್ಪಿಗೆ ಇಲ್ಲ. ಇನ್ನೂ ನಾಲ್ಕೈದು ವರ್ಷ ದುಡಿಯುವ ತಾಕತ್ತು ಅದಕ್ಕಿದೆ.

ಇವತ್ತು ಅಂಥ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಮಿಂಟ್ ಹಾಕುವುದನ್ನು ತೋರಿಸುತ್ತೇನೆ. ಮಿಂಟ್ ಅಂದರೆ ವಿಂಡೋಸ್ ಥರವೇ ಒಂದು ಆಪರೇಟಿಂಗ್ ಸಿಸ್ಟಮ್. 2006ರಿಂದ ಇದೆ, ಪೂರ್ತಿ ಉಚಿತ. ಈಗಿನ 22ರ ಸರಣಿ ಉಬುಂಟು ಅನ್ನುವ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯ ಮೇಲೆ ನಿಂತಿದೆ, 2029ರ ತನಕ ಅಪ್‌ಡೇಟ್ ಸಿಗುತ್ತದೆ. ಕೆಳಗೆ ಮೆನು ಬಟನ್, ಟಾಸ್ಕ್‌ಬಾರ್, ಬಲಗಡೆ ಗಡಿಯಾರ. ವಿಂಡೋಸ್ ಬಳಸಿದವರಿಗೆ ಹೊಸ ಜಾಗ ಅನ್ನಿಸುವುದಿಲ್ಲ.

ಲಿನಕ್ಸ್ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ನನ್ನ ಫೋಟೋ, ಫೈಲು ಎಲ್ಲ ಹೋಗಿಬಿಡುತ್ತಾ? ಲ್ಯಾಪ್‌ಟಾಪ್ ಆದರೆ ಒಂದೇ ಡಿಸ್ಕನ್ನು ಪಾಲು ಮಾಡಬೇಕಾಗುತ್ತದೆ, ಅಲ್ಲಿ ಆ ಭಯಕ್ಕೆ ಕಾರಣ ಇದೆ. ಡೆಸ್ಕ್‌ಟಾಪ್‌ನಲ್ಲಿ ಆ ಭಯವೇ ಬೇಡ. ಎರಡು ಸ್ಕ್ರೂ ತೆಗೆದರೆ ಒಳಗಿರುವುದೆಲ್ಲ ಕೈಗೆ ಸಿಗುತ್ತದೆ ಅಲ್ವಾ? ವಿಂಡೋಸ್ ಇರುವ ಡಿಸ್ಕಿನ ಕೇಬಲ್ ಕಿತ್ತಿಡಿ. ಬೇರೆ ಎಸ್ಎಸ್‌ಡಿ ಹಾಕಿ. ಅದಕ್ಕೆ ಲಿನಕ್ಸ್ ಹಾಕಿ. ಸಂಪರ್ಕವೇ ಇಲ್ಲದ ಡಿಸ್ಕನ್ನು ಯಾವ ಇನ್‌ಸ್ಟಾಲರ್‌ಗೂ ಅಳಿಸಲು ಆಗುವುದಿಲ್ಲ. ಈ ವಿಡಿಯೋ ಪೂರ್ತಿ ಇದರ ಮೇಲೇ ನಿಂತಿದೆ.

ಮುಂದುವರಿಯುವ ಮೊದಲು, ಯಾರಿಗೆ ಇದು ಬೇಡ ಅನ್ನುವುದನ್ನೂ ಹೇಳಿಬಿಡುತ್ತೇನೆ. ದಿನಾ ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಾದರೆ, ಫೋಟೋಶಾಪ್ ಇಲ್ಲದೆ ನಿಮ್ಮ ಕೆಲಸ ನಡೆಯದಿದ್ದರೆ, ವಿಂಡೋಸನ್ನು ಬಿಡಬೇಡಿ. ಅವುಗಳಿಗೆ ಲಿನಕ್ಸ್ ಆವೃತ್ತಿ ಇಲ್ಲ. ವ್ಯಾಲೊರಂಟ್ ಆಡುವವರಿಗೂ ಅಷ್ಟೇ. ಮೋಸದಾಟ ತಡೆಯಲು ಆ ಗೇಮ್ ಬಳಸುವ ಕಾವಲು ಸಾಫ್ಟ್‌ವೇರ್ ಲಿನಕ್ಸ್‌ನಲ್ಲಿ ಓಡುವುದಿಲ್ಲ. ಸ್ಟೀಮ್‌ನಲ್ಲಿರುವ ಬೇರೆ ಎಷ್ಟೋ ಗೇಮ್‌ಗಳು ವಿಂಡೋಸ್ ಗೇಮನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಮೂಲಕ ಚೆನ್ನಾಗಿ ಓಡುತ್ತವೆ. ಇನ್ನು ಪ್ರಿಂಟರ್. ಎಚ್‌ಪಿಯ ಬಹುಪಾಲು ಪ್ರಿಂಟರ್‌ಗಳು ಸುಲಭವಾಗಿ ಕೆಲಸ ಮಾಡುತ್ತವೆ. ನಮ್ಮಲ್ಲಿ ಅಂಗಡಿ ಅಂಗಡಿಯಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಇದ್ದರೆ ಮಾತ್ರ ಸ್ವಲ್ಪ ಒದ್ದಾಡಬೇಕಾಗುತ್ತದೆ. ಮೊದಲೇ ಗೊತ್ತಿರಲಿ.

[ಸ್ಕ್ರೀನ್ ರೆಕಾರ್ಡಿಂಗ್: ಮಿಂಟ್ ಡೌನ್‌ಲೋಡ್ ಪುಟ]

ಮಿಂಟ್ ಮೂರು ರೂಪದಲ್ಲಿ ಬರುತ್ತದೆ. ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ. 8 ಜಿಬಿ ರ‍್ಯಾಮ್ ಇದ್ದರೆ ಸಿನಮನ್ ತಗೊಳ್ಳಿ. 4 ಜಿಬಿ ಮಾತ್ರ ಇದ್ದರೆ ಎಕ್ಸ್‌ಎಫ್‌ಸಿಇ ಹಗುರ. ಫೈಲು 3 ಜಿಬಿ ಹತ್ತಿರ ಬರುತ್ತದೆ.

ಡೌನ್‌ಲೋಡ್ ಆದಮೇಲೆ ಒಂದು ಕೆಲಸವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಪುಟದಲ್ಲಿ ಫೈಲಿನ ಜೊತೆಗೆ ಒಂದು ಉದ್ದದ ಚೆಕ್‌ಸಮ್ ಸಂಖ್ಯೆ ಕೊಟ್ಟಿರುತ್ತಾರೆ. ಫೈಲು ಒಂಚೂರು ಬದಲಾದರೂ ಈ ಸಂಖ್ಯೆ ಬದಲಾಗುತ್ತದೆ. ನಿಮ್ಮ ಫೈಲಿನ ಸಂಖ್ಯೆಯೂ ಅದೇ ಇದೆಯಾ ಅಂತ ತಾಳೆ ನೋಡಬೇಕು. ಸುಮ್ನೆ ಹೇಳುತ್ತಿಲ್ಲ. 2016ರ ಫೆಬ್ರವರಿಯಲ್ಲಿ ಮಿಂಟ್‌ನ ವೆಬ್‌ಸೈಟಿಗೇ ಕನ್ನ ಹಾಕಿದವರು ಡೌನ್‌ಲೋಡ್ ಲಿಂಕನ್ನು ಬದಲಿಸಿ, ಹಿಂಬಾಗಿಲು ಇಟ್ಟ ಫೈಲನ್ನು ಜನರಿಗೆ ದಾಟಿಸಿದ್ದರು. ತಂಡದವರು ಬೇಗನೇ ಪತ್ತೆ ಹಚ್ಚಿ ಎಲ್ಲರಿಗೂ ತಿಳಿಸಿದರು. ಎರಡು ನಿಮಿಷದ ಕೆಲಸ, ಬಿಡಬೇಡಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಬರೆಯಬೇಕಾದ ಸಾಲು ಇಲ್ಲಿ ಕಾಣುತ್ತಿದೆ ನೋಡಿ.

[ಪರದೆ: ಕಮಾಂಡ್, ಕೆಳಗೆ ಎರಡೂ ಸಂಖ್ಯೆಗಳು ಒಂದರ ಕೆಳಗೊಂದು]

ಈಗ ಪೆನ್‌ಡ್ರೈವ್. 8 ಜಿಬಿಯದು ಧಾರಾಳವಾಯಿತು. ಅದರಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಮೊದಲೇ ನೋಡಿಕೊಳ್ಳಿ. ಪೆನ್‌ಡ್ರೈವಿನಿಂದಲೇ ಮಷೀನ್ ಶುರುವಾಗುವಂತೆ ಮಾಡುವ ರೂಫಸ್ ಅನ್ನುವ ಉಚಿತ ಸಾಫ್ಟ್‌ವೇರ್ ತೆರೆದು, ಪೆನ್‌ಡ್ರೈವ್ ಆರಿಸಿ, ಮಿಂಟ್ ಫೈಲ್ ತೋರಿಸಿ, ಸ್ಟಾರ್ಟ್ ಒತ್ತಿ. ಇದು ಮುಗಿಯುವಷ್ಟರಲ್ಲಿ ನಿಮ್ಮ ಮುಖ್ಯವಾದ ಫೋಟೋ, ದಾಖಲೆಗಳನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ಡಿಸ್ಕ್ ಬಿಚ್ಚುತ್ತೇವಾದರೂ ಬ್ಯಾಕಪ್ ಇರಲೇಬೇಕು.

[ಕ್ಯಾಮೆರಾ ಕ್ಯಾಬಿನೆಟ್ ಹತ್ತಿರಕ್ಕೆ]

ಈಗ ಕ್ಯಾಬಿನೆಟ್‌ಗೆ ಬರೋಣ. ವಿಂಡೋಸನ್ನು ಶಟ್‌ಡೌನ್ ಮಾಡಿ. ಹಿಂದೆ ಪವರ್ ಸಪ್ಲೈ ಸ್ವಿಚ್ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತಿಡಿ. ಆಮೇಲೆ ಮುಂದಿನ ಪವರ್ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಚೂರುಪಾರು ಕರೆಂಟೂ ಇಳಿಯಲಿ. ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಹೋಗುತ್ತದೆ.

ಡಿಸ್ಕಿಗೆ ಎರಡು ಕೇಬಲ್ ಬರುತ್ತವೆ. ಅಗಲವಾದದ್ದು ಪವರ್ ಸಪ್ಲೈಯಿಂದ, ಕಿರಿದಾದದ್ದು ಮದರ್‌ಬೋರ್ಡಿನಿಂದ. ಕಿರಿದಾದ ಸಾಟಾ ಕೇಬಲ್ಲಿನ ತುದಿಯನ್ನು ಇಲ್ಲಿ ನೋಡಿ. ಎಷ್ಟೋ ಕೇಬಲ್‌ಗಳಲ್ಲಿ ಹೀಗೆ ಒಂದು ಪುಟ್ಟ ಲೋಹದ ಕ್ಲಿಪ್ ಇರುತ್ತದೆ. ಹೆಬ್ಬೆರಳಿನಿಂದ ಅದನ್ನು ಒತ್ತಿ ಹಿಡಿದು ನೇರವಾಗಿ ಎಳೆಯಬೇಕು. ಕ್ಲಿಪ್ ಒತ್ತದೆ ಆಚೀಚೆ ಅಲ್ಲಾಡಿಸಿ ಎಳೆದರೆ ಡಿಸ್ಕಿನ ಒಳಗಿನ ಪ್ಲಾಸ್ಟಿಕ್ ನಾಲಿಗೆ ಮುರಿಯುತ್ತದೆ. ಒಮ್ಮೆ ಮುರಿದರೆ ಆ ಡಿಸ್ಕ್ ರಿಪೇರಿ ಅಂಗಡಿಗೇ ಹೋಗಬೇಕು. ಆದ್ದರಿಂದ ಇಲ್ಲಿ ಅವಸರ ಬೇಡ.

ಹೊಸ ಎಸ್ಎಸ್‌ಡಿ 240 ಜಿಬಿಯದಾದರೂ ನಡೆಯುತ್ತದೆ. ಮಿಂಟ್‌ಗೆ 20 ಜಿಬಿ ಕನಿಷ್ಠ, 100 ಜಿಬಿ ಇದ್ದರೆ ಆರಾಮ. ಕೇಬಲ್ ತುದಿ ಎಲ್ ಆಕಾರದಲ್ಲಿರುವುದರಿಂದ ತಿರುಗುಮುರುಗಾಗಿ ಹೋಗುವುದಿಲ್ಲ. ಹೆಚ್ಚಿನ ಸಾಟಾ ಕೇಬಲ್ ಬೇಕಿದ್ದರೆ ಮದರ್‌ಬೋರ್ಡಿನ ಹಳೆ ಡಬ್ಬ ಹುಡುಕಿ, ಅದರಲ್ಲಿ ಇರುವ ಸಾಧ್ಯತೆ ಜಾಸ್ತಿ. ನಿಮ್ಮ ವಿಂಡೋಸ್ ಇರುವುದು ಮದರ್‌ಬೋರ್ಡಿನ ಮೇಲೇ ನೇರವಾಗಿ ಕೂರುವ ಎಂ.2 ಎಸ್ಎಸ್‌ಡಿಯಲ್ಲಾದರೆ ಕೇಬಲ್ ಇರುವುದಿಲ್ಲ. ಅದನ್ನು ಹಿಡಿದಿರುವ ಒಂದೇ ಒಂದು ಸಣ್ಣ ಸ್ಕ್ರೂ ತೆಗೆದು ಡಿಸ್ಕನ್ನೇ ಎತ್ತಿಡಿ. ಸ್ಕ್ರೂ ಕಳೆದುಹೋಗದಂತೆ ಒಂದು ಬಟ್ಟಲಲ್ಲಿ ಹಾಕಿಡಿ.

ಇನ್‌ಸ್ಟಾಲರ್‌ನಲ್ಲಿ ಡಿಸ್ಕ್ ಸರಿಯಾಗಿ ಆರಿಸಿದರೆ ಆಯಿತಲ್ಲ, ಬಿಚ್ಚುವ ತಲೆನೋವು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಕಾರಣ ಇದೆ. ಮಿಂಟ್ ಬಳಸುವ ಉಬುಂಟುವಿನ ಈ ಹಳೆಯ ಇನ್‌ಸ್ಟಾಲರ್‌ಗೆ ಒಂದು ಕೆಟ್ಟ ಅಭ್ಯಾಸ. ನೀವು ಎರಡನೇ ಡಿಸ್ಕ್ ಆರಿಸಿದರೂ, ಸಿಸ್ಟಮನ್ನು ಎಬ್ಬಿಸುವ ಬೂಟ್‌ಲೋಡರನ್ನು ಎಷ್ಟೋ ಸಲ ಮೊದಲ ಡಿಸ್ಕಿನ ಇಎಫ್‌ಐ ಪಾರ್ಟಿಷನ್ನಿನಲ್ಲೇ, ಅಂದರೆ ವಿಂಡೋಸ್ ಪಕ್ಕದಲ್ಲೇ ಇಟ್ಟುಬಿಡುತ್ತದೆ. ಆ ದಿನ ಏನೂ ತೊಂದರೆ ಕಾಣುವುದಿಲ್ಲ. ಮುಂದೆ ಯಾವತ್ತೋ ಆ ವಿಂಡೋಸ್ ಡಿಸ್ಕ್ ಕೆಟ್ಟರೆ, ಅಥವಾ ಅದನ್ನು ಫಾರ್ಮ್ಯಾಟ್ ಮಾಡಿದರೆ, ಲಿನಕ್ಸ್ ಕೂಡ ಏಳುವುದಿಲ್ಲ. ಬಿಚ್ಚಿಟ್ಟಿದ್ದರೆ ಈ ಗೋಜೇ ಇಲ್ಲ. ಎರಡೂ ಸ್ವತಂತ್ರ.

[ಬೂಟ್ ಮೆನು ಪರದೆ]

ಪೆನ್‌ಡ್ರೈವ್ ಹಾಕಿ ಆನ್ ಮಾಡಿ. ಯಾವುದರಿಂದ ಶುರುವಾಗಬೇಕು ಅಂತ ಆರಿಸುವ ಬೂಟ್ ಮೆನುಗೆ ಒಂದೊಂದು ಬೋರ್ಡಿನಲ್ಲಿ ಒಂದೊಂದು ಕೀ. ಗಿಗಾಬೈಟ್ ಆದರೆ ಎಫ್12, ಏಸಸ್ ಆದರೆ ಎಫ್8, ಎಂಎಸ್‌ಐ ಮತ್ತು ಎಎಸ್‌ರಾಕ್ ಆದರೆ ಎಫ್11. ಪಟ್ಟಿಯಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಂಡರೆ, ಯುಇಎಫ್‌ಐ ಅಂತ ಹೆಸರಿನ ಮುಂದೆ ಇರುವುದನ್ನೇ ಒತ್ತಿ.

ಮಿಂಟ್ ಪೆನ್‌ಡ್ರೈವಿನಿಂದಲೇ ತೆರೆದುಕೊಳ್ಳುತ್ತದೆ. ಇನ್ನೂ ಏನೂ ಇನ್‌ಸ್ಟಾಲ್ ಆಗಿಲ್ಲ. ಇಲ್ಲೇ ಎಲ್ಲ ಪರೀಕ್ಷೆ ಮಾಡಿ. ಹಾಡು ಹಾಕಿ ಸ್ಪೀಕರ್ ನೋಡಿ. ವೈಫೈ ನೋಡಿ. ಡೆಸ್ಕ್‌ಟಾಪ್‌ಗಳಲ್ಲಿ ಯುಎಸ್‌ಬಿ ವೈಫೈ ಡಾಂಗಲ್ ಬಳಸುವವರು ಜಾಸ್ತಿ, ಅಗ್ಗದ ಕೆಲವು ಡಾಂಗಲ್‌ಗಳಿಗೆ ಡ್ರೈವರ್ ತಾನಾಗಿ ಸಿಗುವುದಿಲ್ಲ. ಹಾಗಾದರೆ ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಸಿಪಿಯುಗೆ ಜೋಡಿಸಿ, ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇಂಟರ್ನೆಟ್ ಬಂದುಬಿಡುತ್ತದೆ. ಡ್ರೈವರ್ ಹುಡುಕುವುದಕ್ಕೆ ಅಷ್ಟು ಸಾಕು.

ಪರದೆ ಪೂರ್ತಿ ಕಪ್ಪಾಗಿ ನಿಂತರೆ ಗಾಬರಿ ಬೇಡ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವ ಮಷೀನುಗಳಲ್ಲಿ ಹೀಗಾಗುತ್ತದೆ. ಮತ್ತೆ ಶುರು ಮಾಡಿ, ಮೊದಲ ಮೆನುವಿನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ. ಇಂಟೆಲ್, ಎಎಂಡಿ ಗ್ರಾಫಿಕ್ಸ್‌ನ ಡ್ರೈವರ್ ಲಿನಕ್ಸ್ ಕರ್ನಲ್, ಅಂದರೆ ಅದರ ತಿರುಳಿನ ಒಳಗೇ ಇರುವುದರಿಂದ ಅವು ಇರುವವರಿಗೆ ಈ ಕಷ್ಟ ಕಡಿಮೆ.

ಎಲ್ಲ ಸರಿ ಇದ್ದರೆ ಡೆಸ್ಕ್‌ಟಾಪ್ ಮೇಲಿನ ಇನ್‌ಸ್ಟಾಲ್ ಐಕಾನ್ ಒತ್ತಿ. ಭಾಷೆ, ಕೀಬೋರ್ಡ್ ಆರಿಸಿ. ಹಾಡು, ವಿಡಿಯೋ ಓಡಲು ಬೇಕಾದ ಮಲ್ಟಿಮೀಡಿಯಾ ಕೋಡೆಕ್‌ಗೆ ಟಿಕ್ ಹಾಕಿ. ಮದರ್‌ಬೋರ್ಡಿನ ಸೆಕ್ಯೂರ್ ಬೂಟ್ ಅನ್ನುವ ಭದ್ರತಾ ವ್ಯವಸ್ಥೆ ಆನ್ ಇದ್ದರೆ ಇಲ್ಲಿ ಒಂದು ಹೊಸ ಪಾಸ್‌ವರ್ಡ್ ಇಡಲು ಕೇಳಬಹುದು. ಅದನ್ನು ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಆದಾಗ ಒಂದು ನೀಲಿ ಪರದೆ ಬಂದು ಅದನ್ನೇ ಕೇಳುತ್ತದೆ. ಅಲ್ಲಿ ಎನ್‌ರೋಲ್ ಎಂಒಕೆ ಅನ್ನುವುದನ್ನು ಆರಿಸಬೇಕು, ಸುಮ್ನೆ ಎಂಟರ್ ಒತ್ತಿ ಮುಂದೆ ಹೋಗಬೇಡಿ.

ಆಮೇಲೆ ಬರುವುದು ಎಲ್ಲರೂ ಹೆದರುವ ಪುಟ: ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಮಾಡಲಾ? ಇರುವುದು ಖಾಲಿ ಎಸ್ಎಸ್‌ಡಿ ಒಂದೇ. ಧೈರ್ಯವಾಗಿ ಮಾಡು ಅನ್ನಿ. ಊರು, ಹೆಸರು, ಪಾಸ್‌ವರ್ಡ್ ಕೊಟ್ಟು ಕಾಯಿರಿ. ಮುಗಿದ ಮೇಲೆ ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿ.

[ಮಿಂಟ್ ಡೆಸ್ಕ್‌ಟಾಪ್]

ಮೊದಲು ಅಪ್‌ಡೇಟ್ ಮ್ಯಾನೇಜರ್ ಓಡಿಸಿ. ನಂತರ ಡ್ರೈವರ್ ಮ್ಯಾನೇಜರ್. ಎನ್‌ವಿಡಿಯಾ ಕಾರ್ಡ್ ಇದ್ದರೆ ಅಲ್ಲಿ ಶಿಫಾರಸು ಮಾಡಿದ ಡ್ರೈವರ್ ಹಾಕಿ. ಜಿಟಿ 710ನಂಥ ಹಳೆಯ ಕಾರ್ಡಿಗೆ 470ರ ಸರಣಿ ಬೇಕು, ಅದಕ್ಕಿಂತ ಹೊಸದು ಹಾಕಿದರೆ ಕಾರ್ಡನ್ನು ಗುರುತಿಸುವುದಿಲ್ಲ. ಟೈಮ್‌ಶಿಫ್ಟ್ ಆನ್ ಮಾಡಿ. ಮುಂದೆ ಏನಾದರೂ ಎಡವಟ್ಟಾದರೆ ಸಿಸ್ಟಮನ್ನು ಹಿಂದಿನ ಸ್ಥಿತಿಗೆ ತರಬಹುದು.

ಈಗ ಮತ್ತೆ ಆಫ್ ಮಾಡಿ, ಪ್ಲಗ್ ಕಿತ್ತು, ವಿಂಡೋಸ್ ಡಿಸ್ಕನ್ನು ಜೋಡಿಸಿ. ಯಾವುದು ಬೇಕೋ ಅದನ್ನು ಬೂಟ್ ಮೆನುವಿನಿಂದ ಆರಿಸಿಕೊಳ್ಳಿ. ಇಲ್ಲಿ ಎರಡು ಸಣ್ಣ ಕಿರಿಕಿರಿ. ಒಂದು, ವಿಂಡೋಸ್‌ಗೆ ಹೋದಾಗ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ ತೋರಿಸುತ್ತದೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಬರೆಯುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ. ಪರದೆಯ ಮೇಲಿರುವ ಈ ಒಂದು ಕಮಾಂಡನ್ನು ಮಿಂಟ್‌ನಲ್ಲಿ ಕೊಟ್ಟರೆ ಎರಡೂ ಹೊಂದಿಕೊಳ್ಳುತ್ತವೆ. ಇನ್ನೊಂದು, ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇಲ್ಲದಿದ್ದರೆ ಅದು ಪೂರ್ತಿ ಮಲಗಿರುವುದಿಲ್ಲ, ಆ ಡಿಸ್ಕಿನ ಫೈಲುಗಳನ್ನು ಮಿಂಟ್‌ನಿಂದ ಓದಬಹುದು, ಬದಲಿಸಲು ಆಗುವುದಿಲ್ಲ.

[ಕೀಬೋರ್ಡ್ ಸೆಟ್ಟಿಂಗ್ಸ್]

ಕೊನೆಗೆ ನನಗೆ ತುಂಬ ಇಷ್ಟವಾದ ಭಾಗ, ಕನ್ನಡ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಲೇಔಟ್‌ಗೆ ಹೋಗಿ, ಪ್ಲಸ್ ಒತ್ತಿ, ಕನ್ನಡ ಕಗಪ ಸೇರಿಸಿ. ಯಾವ ಸಾಫ್ಟ್‌ವೇರೂ ಡೌನ್‌ಲೋಡ್ ಮಾಡಬೇಕಿಲ್ಲ, ಸಿಸ್ಟಮ್ ಜೊತೆಗೇ ಬಂದಿರುತ್ತದೆ. ಇದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ ಅಭ್ಯಾಸ ಇದ್ದವರ ಬೆರಳುಗಳು ಇಲ್ಲಿ ಹೊಸದೇನೂ ಕಲಿಯಬೇಕಿಲ್ಲ. ಒತ್ತಕ್ಷರಕ್ಕೆ ನಡುವೆ ಅದೇ ಎಫ್. ಅಕ್ಷರದ ಅಂದ ಬೇಕು ಅನ್ನುವವರಿಗೆ ಗುಬ್ಬಿ, ನವಿಲು ಫಾಂಟ್‌ಗಳು ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಗುತ್ತವೆ.

ಆದರೆ ಹಳೆಯ ನುಡಿ ಫೈಲುಗಳ ವಿಷಯ ಬೇರೆ. ಹತ್ತು ಹದಿನೈದು ವರ್ಷದ ಹಿಂದೆ ಟೈಪ್ ಮಾಡಿದ ಪತ್ರ, ಲಗ್ನಪತ್ರಿಕೆ, ಸಂಘದ ವರದಿಗಳನ್ನು ಮಿಂಟ್ ಜೊತೆ ಬರುವ, ವರ್ಡ್ ಥರದ ಲಿಬ್ರೆಆಫೀಸ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂತೆ ಕಾಣಿಸುತ್ತದೆ. ಫೈಲು ಕೆಟ್ಟಿಲ್ಲ. ಅವು ಈಗ ಎಲ್ಲೆಡೆ ಅಕ್ಷರಗಳಿಗೆ ಬಳಸುವ ಯುನಿಕೋಡ್‌ಗಿಂತ ಮುಂಚಿನ ಪದ್ಧತಿಯಲ್ಲಿ ಬರೆದವು, ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ವಿಂಡೋಸ್ ಡಿಸ್ಕಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟ್‌ಗಳನ್ನು ಕಾಪಿ ಮಾಡಿ ಮಿಂಟ್‌ನಲ್ಲಿ ಇನ್‌ಸ್ಟಾಲ್ ಮಾಡಿ, ಓದಲು ಬರುತ್ತದೆ. ಮುಂದೆಯೂ ಉಳಿಯಬೇಕು ಅಂದರೆ ಯುನಿಕೋಡ್‌ಗೆ ಪರಿವರ್ತಿಸಿ, ಅದಕ್ಕೆ ಉಚಿತ ಪರಿವರ್ತಕಗಳು ಇವೆ. ಎಲ್ಲವನ್ನೂ ಒಟ್ಟಿಗೆ ಮಾಡಬೇಡಿ. ಮೊದಲು ಒಂದು ಫೈಲು ಬದಲಿಸಿ, ಅರ್ಕಾವತ್ತು, ಒತ್ತಕ್ಷರ ಎಲ್ಲ ಸರಿ ಬಂದಿದೆಯಾ ಅಂತ ಸಾಲು ಸಾಲಾಗಿ ಓದಿ ನೋಡಿ, ಆಮೇಲೆ ಉಳಿದವನ್ನು ಮಾಡಿ. ಮೂಲ ಫೈಲುಗಳನ್ನು ಮಾತ್ರ ಅಳಿಸಬೇಡಿ.