ಬಸವಣ್ಣನವರನ್ನು ನೋಡಿ, ಸೇತುವೆ ದಾಟಿ

ಕೇಳುಗರೇ, ನಮಸ್ಕಾರ.

ಲಂಡನ್ನಿಗೆ ಹೋದ ಕನ್ನಡಿಗರು ಥೇಮ್ಸ್ ನದಿ ದಡದ ಬಸವಣ್ಣನವರ ಪ್ರತಿಮೆ ನೋಡದೆ ಬರುವುದು ಕಡಿಮೆ. 2015ರಲ್ಲಿ ಅನಾವರಣವಾದ ಪ್ರತಿಮೆ ಅದು. ಕೈ ಮುಗಿಯುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಬಸ್ಸು ಹತ್ತಿ ಹೊರಟುಬಿಡುತ್ತಾರೆ. ಅಷ್ಟಕ್ಕೇ ಹೊರಡಬೇಡಿ, ಹೆಂಗಸರ ಓಟಿಗಾಗಿ ಹೋರಾಡಿದ ಇಬ್ಬರ ಪ್ರತಿಮೆಗಳನ್ನೂ ನೋಡಿ ಬನ್ನಿ ಅಂತ ಹೇಳುವುದಕ್ಕೇ ಇವತ್ತು ಮೈಕಿನ ಮುಂದೆ ಕೂತಿದ್ದೇನೆ.

ಹತ್ತಿರದಲ್ಲೇ ಲ್ಯಾಂಬೆತ್ ಸೇತುವೆ ಇದೆ. ದಾಟಿ ಬಲಕ್ಕೆ ತಿರುಗಿದರೆ ಒಂದು ಪಾರ್ಕು, ಅದರ ಆ ತುದಿಯಲ್ಲಿ, ಬ್ರಿಟಿಷ್ ಸಂಸತ್ತಿನ ಪಕ್ಕದಲ್ಲೇ, ಉದ್ದನೆಯ ಕೋಟು ತೊಟ್ಟು ಮಾತಾಡುವ ಭಂಗಿಯಲ್ಲಿ ನಿಂತ ಹೆಂಗಸೊಬ್ಬರ ಕಂಚಿನ ಪ್ರತಿಮೆ. ಎಮೆಲಿನ್ ಪ್ಯಾಂಕ್‌ಹರ್ಸ್ಟ್. ಹೆಂಗಸರಿಗೆ ಓಟು ಬೇಕು ಅಂತ ಕಿಟಕಿ ಗಾಜು ಒಡೆಸಿದವರು, ಮತ್ತೆ ಮತ್ತೆ ಜೈಲಿಗೆ ಹೋದವರು, ಉಪವಾಸ ಕೂತವರು. ಗಂಡಸರಿಗೆ ಇದ್ದಂತೆ ಹೆಂಗಸರಿಗೂ 21 ವರ್ಷಕ್ಕೇ ಓಟು ಕೊಟ್ಟ ಕಾನೂನು ಬಂದಿದ್ದು 1928ರ ಜುಲೈನಲ್ಲಿ. ಅವರು ತೀರಿಕೊಂಡಿದ್ದು ಅದೇ ವರ್ಷದ ಜೂನ್‌ನಲ್ಲಿ. ಕೆಲವೇ ವಾರ ಮುಂಚೆ! ಇದನ್ನು ನೆನೆದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಪ್ರತಿಮೆ ನಿಂತಿದ್ದು 1930ರಲ್ಲಿ. ಆ ದಿನ ವಾದ್ಯ ನುಡಿಸಿದ್ದು ಯಾರು ಗೊತ್ತಾ? ಲಂಡನ್ ಪೊಲೀಸರ ಬ್ಯಾಂಡು. ಅದನ್ನು ನಡೆಸಿದವರು ಎಥೆಲ್ ಸ್ಮಿತ್, ಇದೇ ಹೋರಾಟದಲ್ಲಿ ಜೈಲು ಕಂಡ ಸಂಗೀತಗಾರ್ತಿ. ಒಂದು ಕಾಲಕ್ಕೆ ಈ ಹೆಂಗಸರನ್ನು ಬೀದಿಯಲ್ಲಿ ಎಳೆದಾಡಿದ ಪೊಲೀಸ್ ಇಲಾಖೆಯೇ ಅವರ ಹಾಡನ್ನು ನುಡಿಸಿತು. ಪ್ರತಿಮೆಯ ಬದಿಯಲ್ಲಿ ಒಂದು ಕಂಚಿನ ಬಿಲ್ಲೆ ಇದೆ, ಹತ್ತಿರ ಹೋಗಿ ನೋಡಿ: ಸಂಸತ್ತಿನ ಲಾಂಛನವಾದ ಕಬ್ಬಿಣದ ಜಾಲರಿ ಬಾಗಿಲು, ಅದರ ಮೇಲೆ ಕೈದಿಗಳ ಬಟ್ಟೆಗೆ ಹಾಕುತ್ತಿದ್ದ ಬಾಣದ ಗುರುತು. ಜೈಲಿಗೆ ಹೋಗಿಬಂದ ಹೆಂಗಸರಿಗೆ ಎಮೆಲಿನ್ ಅವರ ಸಂಘಟನೆ ಕೊಡುತ್ತಿದ್ದ ಪದಕದ ನಮೂನೆ ಅದು. ಎಮೆಲಿನ್ ಮಗಳು ಸಿಲ್ವಿಯಾ ಬರೆದ ವಿನ್ಯಾಸ.

ಅಲ್ಲಿಂದ ಮುಂದೆ ಸ್ವಲ್ಪ ನಡೆದರೆ ಪಾರ್ಲಿಮೆಂಟ್ ಸ್ಕ್ವೇರ್. ಚರ್ಚಿಲ್, ಮಂಡೇಲಾ, ನಮ್ಮ ಗಾಂಧೀಜಿ, ಎಲ್ಲರೂ ಇದ್ದಾರೆ. ಆದರೆ 2018ರ ಏಪ್ರಿಲ್‌ವರೆಗೆ ಅಲ್ಲಿ ಒಬ್ಬ ಹೆಂಗಸಿನ ಪ್ರತಿಮೆಯೂ ಇರಲಿಲ್ಲ. ಮೊದಲು ಬಂದವರು ಇದೇ ಓಟಿನ ಹೋರಾಟದ ಮಿಲಿಸೆಂಟ್ ಫಾಸೆಟ್. ಮಾಡಿದವರು ಗಿಲಿಯನ್ ವೇರಿಂಗ್ ಎಂಬ ಕಲಾವಿದೆ. ದಪ್ಪ ಉಣ್ಣೆ ಬಟ್ಟೆಯ ನೇಯ್ಗೆ ಕೂಡ ಕಂಚಿನಲ್ಲಿ ಕಾಣುತ್ತದೆ.

ಫಾಸೆಟ್ ದಾರಿ ಬೇರೆ. ಕಲ್ಲು ಬೇಡ, ಅರ್ಜಿ, ಸಭೆ, ಮೆರವಣಿಗೆ ಸಾಕು ಅನ್ನುವವರು. 1866ರಲ್ಲಿ ಓಟು ಕೊಡಿ ಅಂತ ಸಂಸತ್ತಿಗೆ ಹೆಂಗಸರ ಮನವಿ ಹೋದಾಗ ಈಕೆಗೆ ಇನ್ನೂ 18. ಸಹಿ ಹಾಕುವ ವಯಸ್ಸಾಗಿಲ್ಲ ಅಂತ ಬೇರೆಯವರ ಸಹಿ ಸಂಗ್ರಹಿಸಿದರು. ಅಲ್ಲಿಂದ 1928ರವರೆಗೆ ಲೆಕ್ಕ ಹಾಕಿ, 62 ವರ್ಷ! ಎಮೆಲಿನ್ ನೋಡದೆ ಹೋದದ್ದನ್ನು ಇವರು ಬದುಕಿದ್ದು ನೋಡಿದರು. ಕೈಯಲ್ಲಿ ಹಿಡಿದ ಬ್ಯಾನರಿನ ಮೇಲೆ ಅವರದೇ ಮಾತಿದೆ, ಧೈರ್ಯವು ಎಲ್ಲೆಡೆ ಧೈರ್ಯವನ್ನು ಕೂಗಿ ಕರೆಯುತ್ತದೆ ಅಂತ. ಅದನ್ನು ಬರೆದಿದ್ದು ಎಮಿಲಿ ಡೇವಿಸನ್ ಬಗ್ಗೆ, ಅಂದರೆ 1913ರ ಡರ್ಬಿ ರೇಸಿನಲ್ಲಿ ರಾಜನ ಕುದುರೆಗೆ ಅಡ್ಡ ಹೋಗಿ ಸತ್ತ, ಎಮೆಲಿನ್ ಬಣದ ಹೆಣ್ಣುಮಗಳ ಬಗ್ಗೆ. ದಾರಿ ಒಪ್ಪದಿದ್ದರೂ ಆಕೆಯ ಎದೆಗಾರಿಕೆಯನ್ನು ಒಪ್ಪಿದರಲ್ಲ, ಅದಕ್ಕೇ ಫಾಸೆಟ್ ನನಗೆ ತುಂಬಾ ಇಷ್ಟ.

ಈಗ ಮುಖ್ಯ ವಿಷಯ. ಮುಖ ನೋಡಿದ್ದು ಸಾಕು, ಬಗ್ಗಿ ಪೀಠ ನೋಡಿ. ಸುತ್ತಲೂ ಹೋರಾಟಗಾರರ ಹೆಸರು, ಚಿತ್ರ. 55 ಹೆಂಗಸರು, ನಾಲ್ವರು ಗಂಡಸರು. ಅದರಲ್ಲಿ ಸೋಫಿಯಾ ದುಲೀಪ್ ಸಿಂಗ್ ಇದ್ದಾರೆ, ಪಂಜಾಬಿನ ರಣಜಿತ್ ಸಿಂಗ್ ಮೊಮ್ಮಗಳು. ಓಟು ಕೊಡದೆ ತೆರಿಗೆ ಕೇಳಬೇಡಿ ಅಂತ ಪಟ್ಟು ಹಿಡಿದರು. ಸರ್ಕಾರ ಅವರ ವಜ್ರದ ಉಂಗುರ ಜಪ್ತಿ ಮಾಡಿ ಹರಾಜಿಗಿಟ್ಟಿತು. ಜೊತೆಗಾರ್ತಿಯೊಬ್ಬರು ಅದನ್ನು ಹರಾಜಿನಲ್ಲಿ ಕೊಂಡು ಅವರಿಗೇ ವಾಪಸ್ ಕೊಟ್ಟರು.

ಈ ಎಳೆ ನಮ್ಮ ಕರಾವಳಿಯವರೆಗೂ ಬರುತ್ತದೆ. 1910ರಲ್ಲಿ ಇದೇ ಹೋರಾಟಕ್ಕಾಗಿ ಲಂಡನ್ನಿನ ಹಾಲೊವೇ ಜೈಲು ಸೇರಿದ ಐರಿಷ್ ಹೆಂಗಸು ಮಾರ್ಗರೆಟ್ ಕಸಿನ್ಸ್ 1915ರಲ್ಲಿ ಭಾರತಕ್ಕೆ ಬಂದರು, ಇಲ್ಲೇ ಉಳಿದರು. 1926ರಲ್ಲಿ ಮದರಾಸು ವಿಧಾನ ಪರಿಷತ್ತಿಗೆ ನಿಲ್ಲಿ ಅಂತ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರ ಬೆನ್ನು ತಟ್ಟಿದವರು ಇವರೇ. ಕಮಲಾದೇವಿಗೆ ಆಗ 23 ವರ್ಷ. ಸ್ವಲ್ಪದರಲ್ಲಿ ಸೋತರು. ಆದರೂ ಶಾಸನ ಸಭೆಗೆ ಚುನಾವಣೆಗೆ ನಿಂತ ಭಾರತದ ಮೊದಲ ಹೆಣ್ಣುಮಕ್ಕಳಲ್ಲಿ ಅವರ ಹೆಸರಿದೆ.

ಟಿಕೆಟ್ ಏನೂ ಬೇಕಿಲ್ಲ. ಚೌಕದಲ್ಲಿ ಆಗಾಗ ಪ್ರತಿಭಟನೆ ಇರುತ್ತದೆ, ಹಾಗಾಗಿ ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು. ಜೊತೆಗೆ ಮಕ್ಕಳಿದ್ದರೆ ಪೀಠದಲ್ಲಿ ಸೋಫಿಯಾ ಎಲ್ಲಿದ್ದಾರೆ ಹುಡುಕಿ ಅಂತ ಹೇಳಿ, ಒಂದು ಸುತ್ತು ಬರುವಷ್ಟರಲ್ಲಿ ಉಳಿದವರನ್ನೂ ಓದಿರುತ್ತಾರೆ.