ವಿದೇಶದಲ್ಲಿ ಪೈಲಟ್ ತರಬೇತಿ: ಹೊರಡುವ ಮುನ್ನ ವಿಮೆ ಮತ್ತು ಸಲಕರಣೆ

ಕೇಳುಗರಿಗೆ ನಮಸ್ಕಾರ.

ವಾಣಿಜ್ಯ ಪೈಲಟ್ ಪರವಾನಗಿ ನೀಡಲು ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಕನಿಷ್ಠ 200 ಗಂಟೆಗಳ ಹಾರಾಟವನ್ನು ಕೇಳುತ್ತದೆ. ಈ ಗಂಟೆಗಳನ್ನು ಬೇಗ ಪೂರೈಸಿಕೊಳ್ಳುವ ಸಲುವಾಗಿ ನಮ್ಮ ಯುವಕ ಯುವತಿಯರು ಅಮೆರಿಕದ ಫ್ಲೋರಿಡಾ, ಟೆಕ್ಸಾಸ್‌ಗಳಿಗೂ ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾಗಳಿಗೂ ಹೋಗುತ್ತಾರೆ. ಶುಲ್ಕ, ವೀಸಾ, ಶಿಕ್ಷಣ ಸಾಲಗಳ ಬಗ್ಗೆ ಮನೆಮಂದಿಯೆಲ್ಲ ಕುಳಿತು ಚರ್ಚಿಸುತ್ತಾರೆ. ವಿಮೆಯ ವಿಷಯ ಮಾತ್ರ ಟಿಕೆಟ್ ಕಾಯ್ದಿರಿಸುವ ದಿನ, ಏಜೆಂಟರು ತೋರಿಸಿದ ಕಡೆ ಸಹಿ ಹಾಕುವುದರೊಂದಿಗೆ ಮುಗಿದುಹೋಗುತ್ತದೆ.

ಎಲ್ಲಕ್ಕಿಂತ ಮೊದಲು ವೈದ್ಯಕೀಯ ಪರೀಕ್ಷೆ ಆಗಬೇಕು. ಡಿಜಿಸಿಎಯ ಎರಡನೇ ದರ್ಜೆಯ ಪರೀಕ್ಷೆ, ಆನಂತರ ಮೊದಲನೇ ದರ್ಜೆಯ ಪರೀಕ್ಷೆ. ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಇದಕ್ಕೆ ವ್ಯವಸ್ಥೆಯಿದೆ. ಈ ಫಲಿತಾಂಶ ಕೈಗೆ ಬರುವ ತನಕ ವಿದೇಶಿ ಶಾಲೆಗೆ ದೊಡ್ಡ ಮೊತ್ತ ಕಳುಹಿಸುವುದು ವಿವೇಕವಲ್ಲ.

ಇನ್ನು ವಿಮೆ. ವಿದ್ಯಾರ್ಥಿಗಳಿಗೆಂದು ಮಾರಾಟವಾಗುವ ಪ್ರವಾಸ ವಿಮೆಯ ಪತ್ರದಲ್ಲಿ, ಸಣ್ಣ ಅಕ್ಷರಗಳ ವಿನಾಯಿತಿ ಪಟ್ಟಿಯೊಳಗೆ, ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಹಣ ತೆತ್ತ ಪ್ರಯಾಣಿಕನಾಗಿ ವಿಮಾನಯಾನ ಸಂಸ್ಥೆಯ ವಿಮಾನದಲ್ಲಿ ಹೋಗುವುದನ್ನು ಬಿಟ್ಟು, ಬೇರಾವ ಬಗೆಯ ಹಾರಾಟದಲ್ಲಿ ಆದ ಹಾನಿಗೂ ಪರಿಹಾರವಿಲ್ಲ ಎಂದು. ಅಂದರೆ ಬೆಂಗಳೂರಿನಿಂದ ಡಲ್ಲಾಸ್‌ವರೆಗೆ ಕುಳಿತು ಹೋಗುವಾಗ ಇರುವ ರಕ್ಷಣೆ, ಮರುವಾರ ಸೆಸ್ನಾ 172 ಎಂಬ ಪುಟ್ಟ ತರಬೇತಿ ವಿಮಾನದಲ್ಲಿ, ಕಲಿಯುವವರು ಕೂರುವ ಎಡಗಡೆಯ ಆಸನದಲ್ಲಿ ಕುಳಿತ ಕ್ಷಣದಿಂದ ಇಲ್ಲವಾಗುತ್ತದೆ. ಯಾವ ಕೆಲಸಕ್ಕಾಗಿ ಅಷ್ಟು ದೂರ ಹೋದರೋ ಆ ಕೆಲಸವನ್ನೇ ಹೊರಗಿಟ್ಟ ವಿಮೆ ಅದು. ಆದ್ದರಿಂದ ‘ಬೋಧಕರೊಂದಿಗೆ ಹಾಗೂ ಒಬ್ಬನೇ ಮಾಡುವ ತರಬೇತಿ ಹಾರಾಟದಲ್ಲಿ ಗಾಯವಾದರೆ ಚಿಕಿತ್ಸೆಯ ವೆಚ್ಚ ಸಿಗುತ್ತದೆಯೇ’ ಎಂಬ ಪ್ರಶ್ನೆಯನ್ನು ವಿಮಾ ಕಂಪನಿಗೇ ಇಮೇಲ್ ಮೂಲಕ ಕೇಳಿ, ಲಿಖಿತ ಉತ್ತರವನ್ನು ಪಡೆದುಕೊಳ್ಳಬೇಕು. ಏಜೆಂಟರ ಬಾಯಿಮಾತಿನ ಭರವಸೆ ಪರಿಹಾರ ಕೇಳುವ ದಿನ ನೆರವಿಗೆ ಬರುವುದಿಲ್ಲ.

ದೇಶದಿಂದ ದೇಶಕ್ಕೆ ವ್ಯವಸ್ಥೆಯೂ ಬೇರೆ. ಆಸ್ಟ್ರೇಲಿಯಾದಲ್ಲಿ ವಿದ್ಯಾರ್ಥಿ ವೀಸಾ ಸಿಗಬೇಕಾದರೆ ಅಲ್ಲಿನ ವಿದೇಶಿ ವಿದ್ಯಾರ್ಥಿ ಆರೋಗ್ಯ ವಿಮೆ ಇರಲೇಬೇಕು. ನ್ಯೂಜಿಲೆಂಡಿನಲ್ಲಿ ಅಪಘಾತದ ಗಾಯಗಳ ಚಿಕಿತ್ಸೆಗೆ ಸರ್ಕಾರಿ ಯೋಜನೆಯೊಂದು ವಿದೇಶಿಯರಿಗೂ ಅನ್ವಯಿಸುತ್ತದೆ. ಆದರೆ ಜ್ವರಕ್ಕೋ ಅಪೆಂಡಿಕ್ಸ್‌ಗೋ ಅದು ಅನ್ವಯಿಸದು. ವೃತ್ತಿ ತರಬೇತಿಯ ಎಂ-1 ವೀಸಾದವರಿಗೆ ಅಮೆರಿಕದ ಕೇಂದ್ರ ಕಾನೂನು ಆರೋಗ್ಯ ವಿಮೆಯನ್ನು ಕಡ್ಡಾಯ ಮಾಡಿಲ್ಲ. ಶಾಲೆಯೂ ಕೇಳದಿದ್ದರೆ ವಿಮೆಯಿಲ್ಲದೆಯೇ ದಿನ ದೂಡುವ ವಿದ್ಯಾರ್ಥಿಗಳು ಇರುತ್ತಾರೆ. ತುರ್ತು ಚಿಕಿತ್ಸಾ ಘಟಕಕ್ಕೆ ಒಮ್ಮೆ ಹೋಗಿ ಬಂದರೆ ಸಾವಿರಾರು ಡಾಲರ್ ಬಿಲ್ ಬರಬಹುದಾದ ದೇಶದಲ್ಲಿ ಇದನ್ನು ಧೈರ್ಯವೆಂದು ನಾನು ಕರೆಯಲಾರೆ.

‘ಶಾಲೆಯ ವಿಮಾನಕ್ಕೆ ವಿಮೆ ಇದೆಯಲ್ಲ’ ಎಂದು ಸಮಾಧಾನಪಡುವವರೂ ಇದ್ದಾರೆ. ಆ ವಿಮೆ ಮುಖ್ಯವಾಗಿ ಕಾಯುವುದು ಶಾಲೆಯ ಆಸ್ತಿಯನ್ನು. ಒಬ್ಬನೇ ಹಾರಿ ಇಳಿಯುವಾಗ ಮುಂಚಕ್ರ ಮುರಿದು ಪ್ರೊಪೆಲರ್ ನೆಲಕ್ಕೆ ಬಡಿಯಿತೆಂದುಕೊಳ್ಳಿ. ದುರಸ್ತಿ ವೆಚ್ಚದಲ್ಲಿ ವಿಮೆ ಕೊಡದ ಮೊದಲ ಪಾಲನ್ನು ವಿದ್ಯಾರ್ಥಿಯೇ ಭರಿಸಬೇಕೆಂದು ಪ್ರವೇಶದ ಕರಾರಿನಲ್ಲಿ ಬರೆದಿರಬಹುದು. ಶಾಲೆಗೆ ಹಣ ಕೊಟ್ಟ ವಿಮಾ ಕಂಪನಿ ಆ ಮೊತ್ತವನ್ನು ತಪ್ಪು ಮಾಡಿದವನಿಂದ ವಸೂಲು ಮಾಡಲು ಹೊರಡಲೂಬಹುದು. ಇದಕ್ಕೆಂದೇ ಅಮೆರಿಕದಲ್ಲಿ ಬಾಡಿಗೆ ವಿಮಾನ ಹಾರಿಸುವವರ ವಿಮೆ ಪ್ರತ್ಯೇಕವಾಗಿ ಸಿಗುತ್ತದೆ; ವಿದ್ಯಾರ್ಥಿ ಪೈಲಟ್‌ಗಳೂ ಕೊಳ್ಳಬಹುದು. ವಿದ್ಯಾರ್ಥಿಯಿಂದ ವಸೂಲು ಮಾಡುವ ಹಕ್ಕನ್ನು ಶಾಲೆಯ ವಿಮಾ ಕಂಪನಿ ಬಿಟ್ಟುಕೊಟ್ಟಿದೆಯೇ ಎಂಬುದನ್ನು ಮುಂಗಡ ಕಟ್ಟುವ ಮೊದಲೇ ಶಾಲೆಯಿಂದ ಬರಹದಲ್ಲಿ ಕೇಳಿ ಪಡೆಯಬೇಕು.

ಜೀವ ವಿಮೆಯ ಅರ್ಜಿಯಲ್ಲೂ ಹಾರಾಟದ ಬಗ್ಗೆ ಪ್ರಶ್ನೆಯಿರುತ್ತದೆ. ಹೆಚ್ಚು ಪ್ರೀಮಿಯಂ ಬೀಳುವುದೆಂದು ಮುಚ್ಚಿಟ್ಟರೆ, 1938ರ ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ ಮೊದಲ 3 ವರ್ಷಗಳಲ್ಲಿ ಕಂಪನಿ ಆ ಪಾಲಿಸಿಯನ್ನೇ ಪ್ರಶ್ನಿಸಬಹುದು. ಶಿಕ್ಷಣ ಸಾಲಕ್ಕೆ ತಂದೆ ಜಾಮೀನು ನಿಂತಿರುವ ಮನೆಗಳಲ್ಲಿ ಇದು ಸಣ್ಣ ಸಂಗತಿಯಲ್ಲ.

ಸಲಕರಣೆಗಳಲ್ಲಿ ಮುಖ್ಯವಾದದ್ದು ಹೆಡ್‌ಸೆಟ್. ಡೇವಿಡ್ ಕ್ಲಾರ್ಕ್ ಕಂಪನಿಯ ಹಸಿರು ಬಣ್ಣದ ಹೆಡ್‌ಸೆಟ್ ತರಬೇತಿಗೆ ಧಾರಾಳವಾಗಿ ಸಾಕು. ಗದ್ದಲವನ್ನು ವಿದ್ಯುನ್ಮಾನವಾಗಿ ಅಡಗಿಸುವ ಬೋಸ್‌ನಂಥವುಗಳ ಬೆಲೆ ಸಾವಿರ ಡಾಲರ್ ದಾಟುತ್ತದೆ. ಅದೇ ಹಣವನ್ನು ಮೊದಲು ವಿಮೆಗೆ ಹಾಕಿ ಎನ್ನುವುದು ನನ್ನ ಅಭಿಪ್ರಾಯ. ಹಾಗೆಂದು ಶಾಲೆಯ ಹಳೆಯ, ಸಡಿಲವಾದ ಹೆಡ್‌ಸೆಟ್‌ನಲ್ಲಿ ಕಿವಿ ಕೆಡಿಸಿಕೊಳ್ಳಲೂಬಾರದು, ಏಕೆಂದರೆ ಮೊದಲನೇ ದರ್ಜೆಯ ವೈದ್ಯಕೀಯದಲ್ಲಿ ಶ್ರವಣ ಪರೀಕ್ಷೆಯೂ ಇದೆ. ಕೊಳ್ಳುವಾಗ ಎರಡು ಪ್ಲಗ್‌ಗಳದ್ದನ್ನೇ ಕೇಳಿ. ಒಂದೇ ಪ್ಲಗ್‌ನದು ಸಾಮಾನ್ಯವಾಗಿ ಹೆಲಿಕಾಪ್ಟರಿಗೆ.

ಹಾರುವಾಗ ನಕ್ಷೆ ನೋಡಲೆಂದು ಐಪ್ಯಾಡ್ ಕೊಳ್ಳುವುದಾದರೆ ಸಿಮ್ ಸೌಲಭ್ಯವಿರುವ ಮಾದರಿಯನ್ನೇ ಆರಿಸಬೇಕು. ಬರೀ ವೈಫೈ ಮಾದರಿಯಲ್ಲಿ ಜಿಪಿಎಸ್ ಇರುವುದಿಲ್ಲ. ಬೀಳ್ಕೊಡುಗೆಗೆಂದು ಬಂಧುಗಳು ಪ್ರೀತಿಯಿಂದ ಕೊಡುವ ಪೋಲರೈಸ್ಡ್ ತಂಪು ಕನ್ನಡಕ ಕಡಲತೀರಕ್ಕಿರಲಿ, ಏಕೆಂದರೆ ಕಾಕ್‌ಪಿಟ್ಟಿನ ಪರದೆಗಳು ಅದರಲ್ಲಿ ಕಪ್ಪಾಗಿ ಕಾಣಬಹುದು. ಕಾಗದದ ನಕ್ಷೆ, ಅದರ ಮೇಲೆ ದಿಕ್ಕು ದೂರ ಅಳೆಯುವ ಪ್ಲಾಟರ್‌ಗಳನ್ನು ಅಲ್ಲಿಗೆ ಹೋಗಿ ಕೊಳ್ಳುವುದೇ ಲೇಸು. ಹಾರಾಟದ ಗಂಟೆಗಳನ್ನು ದಾಖಲಿಸುವ ಲಾಗ್‌ಬುಕ್ ಮಾತ್ರ ಬೇರೆ ಮಾತು: ವಿದೇಶದ ಪರವಾನಗಿಯನ್ನು ಇಲ್ಲಿ ಪರಿವರ್ತಿಸಿಕೊಳ್ಳುವಾಗ ಡಿಜಿಸಿಎ ಗಂಟೆಗಳ ಪುರಾವೆ ಕೇಳುವುದರಿಂದ, ಪ್ರತಿ ಪುಟವನ್ನೂ ಬೋಧಕರ ಸಹಿಯಾದೊಡನೆ ಸ್ಕ್ಯಾನ್ ಮಾಡಿ ಮನೆಗೆ ಕಳುಹಿಸುತ್ತಿರಬೇಕು.

ಕೊನೆಯದಾಗಿ ಅವಧಿಯ ವಿಷಯ. ಹವಾಮಾನ ಕೈಕೊಟ್ಟು, ಪರೀಕ್ಷಕರ ದಿನಾಂಕ ಸಿಗದೆ, ತರಬೇತಿ ಹೇಳಿದ ಸಮಯಕ್ಕಿಂತ ತಿಂಗಳುಗಟ್ಟಲೆ ಮುಂದಕ್ಕೆ ಹೋಗುವುದು ಅಪರೂಪವಲ್ಲ. ಪಾಲಿಸಿಯ ವಿಸ್ತರಣೆಯನ್ನು ಸಾಮಾನ್ಯವಾಗಿ ಅದು ಜಾರಿಯಲ್ಲಿರುವಾಗಲೇ ಕೇಳಬೇಕಾಗುತ್ತದೆ. ಆದುದರಿಂದ ಮುಕ್ತಾಯದ ದಿನಾಂಕ, ಪಾಲಿಸಿಯ ಪ್ರತಿ ಮತ್ತು ಕಂಪನಿಯ ತುರ್ತು ದೂರವಾಣಿ ಸಂಖ್ಯೆಗಳು ವಿದ್ಯಾರ್ಥಿಯ ಬಳಿಯಲ್ಲಷ್ಟೇ ಅಲ್ಲದೆ ಊರಿನಲ್ಲಿರುವ ಮನೆಯವರ ಬಳಿಯಲ್ಲೂ ಇರಬೇಕು. ನಮಸ್ಕಾರ.