ಬ್ಲ್ಯಾಕ್ ಸಬಾತ್ ಇಳಿದದ್ದು ಯಾವಾಗ?

ಸಭಿಕರೆಲ್ಲರಿಗೂ ನಮಸ್ಕಾರ.

ಬ್ಲ್ಯಾಕ್ ಸಬಾತ್ ಎಂಬ ರಾಕ್ ಸಂಗೀತ ತಂಡದ ಅಭಿಮಾನಿಗಳು ನಾಲ್ಕು ಜನ ಸೇರಿದರೆ ಎಂದೂ ಇತ್ಯರ್ಥವಾಗದ ವ್ಯಾಜ್ಯವೊಂದು ಶುರುವಾಗುತ್ತದೆ: ಈ ತಂಡಕ್ಕೆ ಇಳಿಗಾಲ ಬಂದದ್ದು ಯಾವ ವರ್ಷದಿಂದ? 1979ರಲ್ಲಿ ಗಾಯಕ ಆಜಿ ಆಸ್ಬರ್ನ್ ಅವರನ್ನು ಹೊರಗೆ ಹಾಕಿದ ದಿನವೇ ಎಲ್ಲ ಮುಗಿಯಿತು ಎನ್ನುವುದು ಒಂದು ಬಣ. ಅವರ ಜಾಗಕ್ಕೆ ರಾನಿ ಜೇಮ್ಸ್ ಡಿಯೊ ಬಂದ ಮೇಲೆಯೇ ತಂಡಕ್ಕೆ ಮರುಜೀವ ಬಂತು ಎನ್ನುವುದು ಇನ್ನೊಂದು ಬಣ. ಟೋನಿ ಮಾರ್ಟಿನ್ ಹಾಡಿದ ವರ್ಷಗಳನ್ನು ಯಾರೂ ಸರಿಯಾಗಿ ಕೇಳಿಸಿಕೊಂಡೇ ಇಲ್ಲವೆಂದು ಮುನಿಸಿಕೊಂಡ ಮೂರನೆಯ ಬಣವೂ ಉಂಟು. ಸಣ್ಣದು, ಆದರೆ ಮಹಾ ಹಠಮಾರಿ. ಈ ಜಗಳವನ್ನು ನಾನು ಬಹಳ ವರ್ಷಗಳಿಂದ ಕೇಳುತ್ತಿದ್ದೇನೆ, ಒಮ್ಮೊಮ್ಮೆ ತಡೆಯಲಾರದೆ ಬಾಯಿಯನ್ನೂ ಹಾಕಿದ್ದೇನೆ. ಮೂರೂ ಬಣಗಳು ಗಾಯಕನ ಹೆಸರು ಹಿಡಿದು ಲೆಕ್ಕ ಹಾಕುತ್ತವೆ. ಹಾಡುಗಳು ಎಲ್ಲಿ ಹದಗೊಂಡವು ಎಂಬುದನ್ನು ಹಿಡಿದು ಲೆಕ್ಕ ಹಾಕಿದರೆ ಬೇರೆಯೇ ಉತ್ತರ ಸಿಗುತ್ತದೆಂಬುದು ನನ್ನ ವಾದ.

ಕಥೆ ಶುರುವಾಗುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್ ಎಂಬ ಕಾರ್ಮಿಕರ ಬಡಾವಣೆಯಲ್ಲಿ. ಗಿಟಾರ್ ವಾದಕ ಟೋನಿ ಅಯೋಮಿ ಅವರಿಗೆ ಆಗ ಹದಿನೇಳು ವರ್ಷ, ತಗಡಿನ ಕಾರ್ಖಾನೆಯೊಂದರಲ್ಲಿ ಬೆಸುಗೆಯ ಕೆಲಸ. ವಾದ್ಯವನ್ನೇ ನಂಬಿ ಬದುಕುವುದೆಂದು ನಿರ್ಧರಿಸಿ ಕೆಲಸ ಬಿಟ್ಟ ಕಡೆಯ ದಿನ, ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವರು ಮತ್ತೆ ಹೋಗುವುದಿಲ್ಲ ಎಂದರಂತೆ. ಹಿಡಿದ ಕೆಲಸ ಮುಗಿಸಿಯೇ ಬಾ ಎಂದು ತಾಯಿ ಕಳುಹಿಸಿದರು. ಆ ದಿನ ಬಾರದಿದ್ದ ಇನ್ನೊಬ್ಬರ ಜಾಗದಲ್ಲಿ ತಗಡು ಒತ್ತುವ ಯಂತ್ರದ ಮುಂದೆ ನಿಂತ ಹುಡುಗನ ಬಲಗೈಯ ನಡುಬೆರಳು ಮತ್ತು ಉಂಗುರಬೆರಳಿನ ತುದಿಗಳು ಹರಿದುಹೋದವು. ಅಯೋಮಿ ಎಡಚರು, ಅಂದರೆ ತಂತಿ ಒತ್ತಬೇಕಾದ ಕೈಯೇ ಅದು. ಮನೆಯಲ್ಲಿ ಮಂಕಾಗಿ ಕುಳಿತವರಿಗೆ ಕಾರ್ಖಾನೆಯ ಮೇಸ್ತ್ರಿ ಜಾಝ್ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಅವರ ಧ್ವನಿಮುದ್ರಿಕೆಯನ್ನು ತಂದುಕೊಟ್ಟು, ಬೆಂಕಿ ಅನಾಹುತದಲ್ಲಿ ಎರಡು ಬೆರಳುಗಳ ಶಕ್ತಿ ಕಳೆದುಕೊಂಡ ಮನುಷ್ಯ ಹೀಗೆ ನುಡಿಸಿದ್ದಾನೆ ನೋಡು ಎಂದರು. ಅಯೋಮಿ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ, ಉಂಡೆ ಮಾಡಿ, ಕಾದ ಕಬ್ಬಿಣದಿಂದ ಅದರಲ್ಲಿ ತೂತು ಕೊರೆದು, ಬೆರಳಿಗೆ ಕೂರುವ ತನಕ ಉಜ್ಜಿ, ತಂತಿಯ ಮೇಲೆ ಜಾರದಿರಲೆಂದು ಹಳೆಯ ಜಾಕೆಟ್ಟಿನ ತೊಗಲಿನ ಚೂರನ್ನು ಅಂಟಿಸಿ ಟೊಪ್ಪಿಗೆಗಳನ್ನು ಮಾಡಿಕೊಂಡರು. ಸ್ಪರ್ಶವೇ ಇಲ್ಲದ ಆ ಬೆರಳುಗಳಿಗೆ ದಪ್ಪ ತಂತಿ ಆಗದು. ತೆಳು ತಂತಿ ಬೇಕು, ಆಮೇಲೆ ಬಿಗಿತವೂ ಸಡಿಲವಾಗಬೇಕು. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ಯ ಹಲವು ಹಾಡುಗಳಲ್ಲಿ ಅವರು ಶ್ರುತಿಯನ್ನು ಮೂರು ಅರ್ಧಸ್ವರಗಳಷ್ಟು ಕೆಳಗಿಳಿಸಿದರು. ಹೆವಿ ಮೆಟಲ್ ಎಂದು ಜಗತ್ತು ಕರೆಯುವ ಆ ಭಾರವಾದ ನಾದಕ್ಕೆ ಗಾಯಗೊಂಡ ಕೈಯ ಅನುಕೂಲವೂ ಒಂದು ಕಾರಣ.

ಅವರ ಜೊತೆ ಸೇರಿದವರು ಕಸಾಯಿಖಾನೆಯಲ್ಲಿ ದುಡಿದು, ಸಣ್ಣ ಕಳ್ಳತನಕ್ಕಾಗಿ ಜೈಲನ್ನೂ ಕಂಡುಬಂದಿದ್ದ ಆಸ್ಬರ್ನ್, ಬೇಸ್ ನುಡಿಸುತ್ತ ಸಾಹಿತ್ಯವನ್ನೂ ಬರೆದ ಗೀಜರ್ ಬಟ್ಲರ್, ಡ್ರಮ್ಸಿಗೆ ಬಿಲ್ ವಾರ್ಡ್. ತಂಡದ ಹೆಸರನ್ನೇ ಹೊತ್ತ ಮೊದಲ ಹಾಡಿನ ಮುಖ್ಯ ರಿಫ್‌ನಲ್ಲಿ, ಅಂದರೆ ಮತ್ತೆ ಮತ್ತೆ ಮರಳಿ ಬರುವ ಗಿಟಾರಿನ ನುಡಿಯಲ್ಲಿ, ಇರುವುದು ಮೂರೇ ಸ್ವರ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ, ತಾರ ಷಡ್ಜ, ಅಲ್ಲಿಂದ ಕೆಳಗೆ ಪ್ರತಿ ಮಧ್ಯಮ. ಕಲ್ಯಾಣಿಯಲ್ಲಿ ನಮಗೆ ಮಂಗಳಕರವಾಗಿ ಕೇಳುವ ಅದೇ ಮಧ್ಯಮ, ಆಸರೆಗೆ ಗಾಂಧಾರವೂ ಪಂಚಮವೂ ಇಲ್ಲದೆ ಒಂಟಿಯಾಗಿ ನಿಂತಾಗ ಎದೆ ಝಲ್ಲೆನ್ನುವ ಹಾಗೆ ಕೇಳುತ್ತದೆ. ಸಂಗೀತ ಬಲ್ಲ ಗೆಳೆಯರು ಈ ಹೋಲಿಕೆಗೆ ನನ್ನನ್ನು ಬೈದಿದ್ದಾರೆ, ಆದರೂ ಬಿಡಲಾರೆ.

ಈ ಹಾಡುಗಳು ಸ್ಟುಡಿಯೊಗೆ ಬರುವ ಹೊತ್ತಿಗೆ ಚೆನ್ನಾಗಿ ಪಳಗಿದ್ದವು. ಹ್ಯಾಂಬರ್ಗಿನ ಸ್ಟಾರ್ ಕ್ಲಬ್ಬಿನಲ್ಲಿ ದಿನಕ್ಕೆ ಹಲವು ಸರದಿ ನುಡಿಸಬೇಕಿತ್ತು. ಜ್ಯೂರಿಕ್ಕಿನಲ್ಲಿ ಬೆರಳೆಣಿಕೆಯ ಕೇಳುಗರ ಮುಂದೆ ಗಂಟೆಗಟ್ಟಲೆ ಹೊತ್ತು ತುಂಬಿಸಬೇಕಿತ್ತು. ಹಾಗೆ ಹೊತ್ತು ತುಂಬಿಸಲು ಎಳೆದಾಡಿದ ನುಡಿಸಾಣಿಕೆಯಿಂದಲೇ ‘ವಾರ್ ಪಿಗ್ಸ್’ ಹುಟ್ಟಿತು. ಆದ್ದರಿಂದಲೇ 1969ರ ಅಕ್ಟೋಬರಿನಲ್ಲಿ ಲಂಡನ್ನಿನ ಸ್ಟುಡಿಯೊ ಹೊಕ್ಕವರು ಮೊದಲ ಆಲ್ಬಮ್ಮಿನ ನುಡಿಸುವ ಕೆಲಸವನ್ನೆಲ್ಲ ಒಂದೇ ದಿನದಲ್ಲಿ ಮುಗಿಸಿದರು. 1970ರ ಫೆಬ್ರುವರಿ 13ರ ಶುಕ್ರವಾರ ಅದು ಹೊರಬಂತು. ವಿಮರ್ಶಕರು ಹಳಿದರು, ಜನ ಕೊಂಡರು. ಅದೇ ವರ್ಷದ ಎರಡನೆಯ ಆಲ್ಬಂ ‘ಪ್ಯಾರನಾಯ್ಡ್’ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು.

ಇಲ್ಲೇ ನನ್ನ ವಾದಕ್ಕೆ ಒಂದು ಮುಳ್ಳು ಇದೆ, ಮುಚ್ಚಿಡುವುದು ಸರಿಯಲ್ಲ. ‘ಪ್ಯಾರನಾಯ್ಡ್’ ಎಂಬ ಹಾಡು ವೇದಿಕೆ ಕಂಡದ್ದಲ್ಲ; ಆಲ್ಬಮ್ಮಿಗೆ ಮೂರು ನಿಮಿಷ ಸಾಲದೆ ಬಂದಾಗ ಸ್ಟುಡಿಯೊದಲ್ಲೇ ಅರ್ಧ ಗಂಟೆಯೊಳಗೆ ಹೊಸೆದದ್ದು. ಅವರ ಅತಿ ಹೆಸರಾಂತ ಹಾಡು ಅದೇ. ಇದಕ್ಕೆ ನನ್ನ ಸಮಾಧಾನ ಇಷ್ಟೆ: ಹಾಡು ಹೊಸದಾದರೂ ಕೈಗಳು ಪಳಗಿದ್ದವು.

ವೇದಿಕೆಯಲ್ಲಿ ಪಳಗಿ ಸ್ಟುಡಿಯೊಗೆ ಬರುವ ಕ್ರಮ ನಾಲ್ಕನೆಯ ಆಲ್ಬಮ್ಮಿನಿಂದ ತಿರುಗುಮುರುಗಾಯಿತು. 1972ರಲ್ಲಿ ಲಾಸ್ ಏಂಜಲೀಸಿನ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದು, ಮೊದಲ ಮೂರು ಆಲ್ಬಂಗಳನ್ನು ಬಿಗಿಯಾಗಿ ಕಟ್ಟಿಕೊಟ್ಟ ನಿರ್ಮಾಪಕ ರಾಜರ್ ಬೇನ್ ಅವರಿಲ್ಲದೆ ಕುಳಿತರು. ಆ ಆಲ್ಬಮ್ಮಿಗೆ ಸ್ಟುಡಿಯೊ ಖರ್ಚಿಗಿಂತ ಕೊಕೇನಿನ ಖರ್ಚೇ ಹೆಚ್ಚಾಗಿತ್ತೆಂದು ಬಟ್ಲರ್ ಅವರೇ ಹೇಳಿಕೊಂಡಿದ್ದಾರೆ. ಮುಂದಿನ ವರ್ಷ ಅದೇ ಊರಿಗೆ ಮರಳಿದಾಗ ಅಯೋಮಿ ಅವರಿಗೆ ಒಂದು ರಿಫ್ ಕೂಡ ಹೊಳೆಯಲಿಲ್ಲ. ಇಂಗ್ಲೆಂಡಿಗೆ ವಾಪಸಾಗಿ, ಕ್ಲಿಯರ್‌ವೆಲ್ ಎಂಬ ಹಳೆಯ ಕೋಟೆಮನೆಯ ನೆಲಮಾಳಿಗೆಯಲ್ಲಿ ವಾದ್ಯ ಹೂಡಿದ ಮೇಲೆಯೇ ‘ಸಬಾತ್ ಬ್ಲಡಿ ಸಬಾತ್’ ಬಂದದ್ದು. ಅದು ಅವರ ಅತ್ಯುತ್ತಮ ಕೃತಿಗಳಲ್ಲಿ ಒಂದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಮೊದಲು ಬಾವಿಯಿಂದ ತಾನಾಗಿ ಉಕ್ಕುತ್ತಿದ್ದ ನೀರನ್ನು ಈಗ ಹಗ್ಗ ಹಾಕಿ ಸೇದಬೇಕಾಗಿತ್ತು. 1975ರ ‘ಸಾಬೊಟಾಜ್’ ಹೊತ್ತಿಗೆ ಹಳೆಯ ಮ್ಯಾನೇಜರ್ ಜೊತೆಗಿನ ಮೊಕದ್ದಮೆಯ ಕಾಗದಗಳು ಸ್ಟುಡಿಯೊಗೇ ಬರುತ್ತಿದ್ದವು; ಆ ಸಿಟ್ಟು ಹಾಡಿಗೆ ಇಳಿದು ಆಲ್ಬಂ ಬದುಕಿಕೊಂಡಿತು. 1976ರ ‘ಟೆಕ್ನಿಕಲ್ ಎಕ್ಸ್‌ಟಸಿ’ಗೆ ಆ ಸಿಟ್ಟೂ ಇರಲಿಲ್ಲ. 1978ರ ‘ನೆವರ್ ಸೇ ಡೈ’ ಹೊತ್ತಿಗಂತೂ ಆಸ್ಬರ್ನ್ ಒಮ್ಮೆ ಬಿಟ್ಟುಹೋಗಿ ಮರಳಿ, ತಾವಿಲ್ಲದಾಗ ಬೇರೊಬ್ಬ ಗಾಯಕನೊಂದಿಗೆ ಕಟ್ಟಿದ ಹಾಡುಗಳನ್ನು ಹಾಡುವುದಿಲ್ಲವೆಂದು ಕುಳಿತರು. ಒಂದನ್ನು ಕಡೆಗೆ ಡ್ರಮ್ಸ್ ನುಡಿಸುವ ವಾರ್ಡ್ ಹಾಡಬೇಕಾಯಿತು. ಅಂದರೆ ಇಳಿತ ಮುಕ್ಕಾಲು ಪಾಲು ಮುಗಿದ ಮೇಲೆ ಆಸ್ಬರ್ನ್ ಹೊರಬಿದ್ದದ್ದು. ಮೊದಲ ಬಣದವರು ಈ ತಾರೀಖುಗಳನ್ನು ಒಮ್ಮೆ ಸಾಲಾಗಿ ಬರೆದು ನೋಡಬೇಕು.

ನನ್ನ ಪಾಡು ಬೇರೆಯಿತ್ತು. ಹಾಸ್ಟೆಲಿನಲ್ಲಿ ನನಗೆ ಸಿಕ್ಕಿದ್ದು ಯಾರೋ ಯಾರಿಂದಲೋ ನಕಲು ಮಾಡಿಕೊಂಡ ಒಂದು ಕ್ಯಾಸೆಟ್. ಒಂದು ಬದಿಯಲ್ಲಿ ಆಸ್ಬರ್ನ್, ಇನ್ನೊಂದು ಬದಿಯಲ್ಲಿ ಡಿಯೊ. ಇಸವಿಯಿಲ್ಲ, ಹಾಡಿನ ಹೆಸರೂ ಅರ್ಧಂಬರ್ಧ. ಅದನ್ನು ಎರಡು ವರ್ಷ ಕೇಳಿದರೂ ಯಾವುದು ಏರು ಕಾಲದ್ದು, ಯಾವುದು ಇಳಿಗಾಲದ್ದು ಎಂದು ನನಗೆ ತಿಳಿಯಲಿಲ್ಲ. ಹಾಡುಗಾರ ಒಬ್ಬನೇ ಅಲ್ಲವೆಂಬುದು ತಿಳಿದದ್ದೂ ತಡವಾಗಿಯೇ. ರಿಫ್ ನುಡಿಸುವ ಕೈ ಮಾತ್ರ ಎರಡೂ ಬದಿಯಲ್ಲಿ ಒಂದೇ ಎಂಬುದು ಮೊದಲ ದಿನವೇ ಕಿವಿಗೆ ಗೊತ್ತಾಗಿತ್ತು.

ಡಿಯೊ ಜೊತೆಗಿನ 1980ರ ‘ಹೆವನ್ ಆ್ಯಂಡ್ ಹೆಲ್’ ಗೆದ್ದದ್ದೂ ಇದೇ ಕಾರಣಕ್ಕೆಂದು ನನ್ನ ಅನಿಸಿಕೆ. ಅಯೋಮಿ ಅವರ ಬಳಿ ಮುಂದೆ ಸಾಗದೆ ನಿಂತಿದ್ದ ಒಂದು ರಿಫ್ ಇತ್ತು. ಮೊದಲ ಸಲ ಕೂಡಿ ಕುಳಿತಾಗಲೇ ಡಿಯೊ ಅದಕ್ಕೆ ರಾಗ ಕೂಡಿಸಿ ಹಾಡಿದರು, ‘ಚಿಲ್ಡ್ರನ್ ಆಫ್ ದ ಸೀ’ ಆಯಿತು. ಕೂಡಿ ನುಡಿಸುತ್ತ ಕಟ್ಟುವ ರೂಢಿ ಮರಳಿ ಬಂದಿತ್ತು. ಆಸ್ಬರ್ನ್ ಕೂಡ ಅದೇ ವರ್ಷ ತಮ್ಮದೇ ತಂಡ ಕಟ್ಟಿ ಗೆದ್ದರೆಂಬುದು ಎರಡೂ ಬಣಗಳಿಗೆ ಅನಾನುಕೂಲದ ಸಂಗತಿ.

ಆನಂತರದ್ದನ್ನು ಬೇಗ ಹೇಳಿಬಿಡುತ್ತೇನೆ. 1982ರಲ್ಲಿ ಡಿಯೊ ಹೋದರು. 1983ರಲ್ಲಿ ಡೀಪ್ ಪರ್ಪಲ್ ಖ್ಯಾತಿಯ ಇಯಾನ್ ಗಿಲನ್ ಬಂದರು. ಆ ಪ್ರವಾಸಕ್ಕೆ ಇಂಗ್ಲೆಂಡಿನ ಪ್ರಾಚೀನ ಸ್ಟೋನ್‌ಹೆಂಜ್ ಕಲ್ಲುಗಳ ಪ್ರತಿಕೃತಿ ಮಾಡಿಸಿದಾಗ ಅಡಿಯ ಲೆಕ್ಕ ಮೀಟರಾಗಿ, ಬಹುತೇಕ ಸಭಾಂಗಣಗಳಲ್ಲಿ ಅವನ್ನು ನಿಲ್ಲಿಸಲು ಸಾಧ್ಯವಾಗದೆ ಹೋಯಿತು. 1986ರಲ್ಲಿ ಅಯೋಮಿ ಸ್ವಂತ ಹೆಸರಿನಲ್ಲಿ ತರಬೇಕೆಂದಿದ್ದ ಆಲ್ಬಮ್ಮಿಗೆ ಕಂಪನಿಯ ಒತ್ತಾಯದಿಂದ ತಂಡದ ಹೆಸರು ಅಂಟಿಕೊಂಡಿತು. ಅಂಗಡಿಯ ಬೋರ್ಡು ಅದೇ, ಒಳಗಿನವರು ವರ್ಷಕ್ಕೊಬ್ಬರು. ಮಾರ್ಟಿನ್ ಬಣದವರ ದೂರಿನಲ್ಲಿ ಮಾತ್ರ ನಿಜವಿದೆ: ಮಾರ್ಟಿನ್ ಹಾಡಿದ ಹೆಚ್ಚಿನ ಆಲ್ಬಂಗಳು ದಶಕಗಳ ಕಾಲ ಅಂಗಡಿಯಲ್ಲಿ ಸಿಗುತ್ತಲೇ ಇರಲಿಲ್ಲ, 2024ರಲ್ಲಷ್ಟೇ ಒಟ್ಟಾಗಿ ಮರಳಿ ಬಂದವು. ಅವುಗಳಲ್ಲಿ ಒಂದಾದ ‘ಹೆಡ್‌ಲೆಸ್ ಕ್ರಾಸ್’ ಕೇಳದೆ ಅದನ್ನು ಇಳಿತವೆಂದವರಲ್ಲಿ ನಾನೂ ಇದ್ದೆ. ಕೇಳಿದ ಮೇಲೆ ಆ ಮಾತು ವಾಪಸು ತೆಗೆದುಕೊಂಡಿದ್ದೇನೆ.

2013ರಲ್ಲಿ ವಾರ್ಡ್ ಒಬ್ಬರನ್ನು ಬಿಟ್ಟು ಹಳಬರೆಲ್ಲ ಸೇರಿ ಮಾಡಿದ ‘13’ ಎಂಬ ಆಲ್ಬಂ, ‘ಪ್ಯಾರನಾಯ್ಡ್’ ಬಂದ ಸುಮಾರು 43 ವರ್ಷಗಳ ಮೇಲೆ ಬ್ರಿಟನ್ನಿನಲ್ಲಿ ಮತ್ತೆ ಮೊದಲ ಸ್ಥಾನ ಪಡೆಯಿತು. 2025ರ ಜುಲೈ 5ರಂದು ಆಸ್ಟನ್ನಿನದೇ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ನಾಲ್ವರೂ ಕಡೆಯ ಬಾರಿ ಕೂಡಿದರು. ಪಾರ್ಕಿನ್ಸನ್ಸ್ ಕಾಯಿಲೆಯಿಂದ ನಿಲ್ಲಲಾರದ ಆಸ್ಬರ್ನ್ ಸಿಂಹಾಸನದಂಥ ಕುರ್ಚಿಯಲ್ಲಿ ಕುಳಿತೇ ಹಾಡಿದರು. ಹದಿನೇಳು ದಿನಗಳ ನಂತರ ತೀರಿಕೊಂಡರು. ಅಂದು ನುಡಿಸಿದ್ದು ನಾಲ್ಕೇ ಹಾಡು: ‘ವಾರ್ ಪಿಗ್ಸ್’, ‘ಎನ್.ಐ.ಬಿ.’, ‘ಐರನ್ ಮ್ಯಾನ್’, ‘ಪ್ಯಾರನಾಯ್ಡ್’. ನಾಲ್ಕೂ 1970ರ ಎರಡು ಆಲ್ಬಂಗಳವೇ. ನನ್ನ ವಾದಕ್ಕೆ ಅವರೇ ಸಾಕ್ಷಿ ಹೇಳಿದರೆಂದು ನಾನು ಹಿಗ್ಗುವಷ್ಟರಲ್ಲಿ, ಎಲ್ಲಕ್ಕೂ ಕೊನೆಯಲ್ಲಿ ಅವರು ಎತ್ತಿಕೊಂಡದ್ದು ಸ್ಟುಡಿಯೊದಲ್ಲಿ ಅರ್ಧ ಗಂಟೆಯಲ್ಲಿ ಹೊಸೆದ ಆ ಮೂರು ನಿಮಿಷದ ಹಾಡನ್ನು.